ಮೊದಲು ಮಗು, ಆಮೇಲೆ ಕೇಸು

ಠಾಣೆ ಕಟ್ಟೆ: ಓದುಗರ ಪ್ರಶ್ನೆಗೆ ನಿವೃತ್ತ ಡಿವೈಎಸ್‌ಪಿ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಅಪಹರಣದ ಬಗ್ಗೆಯೇ ಇವೆ. ಹೊಸದಾಗಿ ಪಿಎಸ್‌ಐ ಆದ ಹೆಣ್ಣುಮಗಳೊಬ್ಬರ ಪ್ರಶ್ನೆಯನ್ನು ಮೊದಲಿಗೆ ತೆಗೆದುಕೊಂಡಿದ್ದೇನೆ. ಅವರಿಗೆ ಹೇಳುವ ಮಾತು ಉಳಿದ ಉತ್ತರಗಳಿಗೂ ಬುನಾದಿ. ಹಾಗಾಗಿ ಅದು ಸ್ವಲ್ಪ ಉದ್ದವಾದರೂ ಓದಿ.

ಪ್ರಶ್ನೆ: ತರಬೇತಿ ಮುಗಿಸಿ ಪ್ರೊಬೇಷನರಿ ಪಿಎಸ್‌ಐ ಆಗಿ ಠಾಣೆಗೆ ಬಂದಿದ್ದೇನೆ. ನಮ್ಮ ಇನ್‌ಸ್ಪೆಕ್ಟರ್ ಬಹಳ ಅನುಭವಸ್ಥರು, ಆದರೆ ಮಾತು ಕಡಿಮೆ. ಅಪಹರಣದ ಕೇಸು ಬಂದರೆ ಅವರ ಜೊತೆಗಿದ್ದು ನಾನು ಏನು ಮಾಡಬೇಕು, ಏನು ನೋಡಿ ಕಲಿಯಬೇಕು? ಸೆಕ್ಷನ್‌ಗಳೆಲ್ಲ ಬಾಯಿಪಾಠ ಇವೆ ಸರ್. ಅದರಾಚೆಗೆ ಕೈ ನಡುಗುತ್ತದೆ.
(ಪ್ರೊಬೇಷನರಿ ಪಿಎಸ್‌ಐ, ಕಲ್ಯಾಣ ಕರ್ನಾಟಕ)

ಕೈ ನಡುಗಲಿ ಬಿಡಿಯಮ್ಮ. ಮಗು ಕಳೆದುಕೊಂಡವರ ಮನೆ ಹೊಸಿಲು ದಾಟುವಾಗ ಏನೂ ಅನ್ನಿಸದವರ ಕೈಗೆ ಇಂಥ ಕೇಸು ಕೊಡಲು ನಾನಂತೂ ಯಾವತ್ತೂ ಹಿಂಜರಿಯುತ್ತಿದ್ದೆ.

ಮಾತು ಕಡಿಮೆ ಆಡುವ ಸಾಹೇಬರು ಅಂದಿರಲ್ಲ, ನನಗೆ ಸಿಕ್ಕಿದ್ದವರೂ ಅಂಥವರೇ. 1986ರಲ್ಲಿ ನಾನು ನಿಮ್ಮ ಹಾಗೆಯೇ ಪ್ರೊಬೇಷನರಿ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ, ಅಡಿಕೆ ಸುಲಿಯುವ ಕಾಲ. ಮಂಡಿ ನಡೆಸುವವರೊಬ್ಬರ ಆರು ವರ್ಷದ ಮಗ ಶಾಲೆ ಬಿಟ್ಟವನು ಮನೆಗೆ ಬರಲಿಲ್ಲ. ಕತ್ತಲಾದ ಮೇಲೆ ಜಗುಲಿಯ ಮೇಲೆ ಒಂದು ಕಾಗದ ಸಿಕ್ಕಿತು: ಐವತ್ತು ಸಾವಿರ ಕೊಡಿ, ಪೊಲೀಸರಿಗೆ ಹೇಳಬೇಡಿ. ಕಾಗದ ಸಿಕ್ಕ ಅರ್ಧ ಗಂಟೆಯಲ್ಲಿ ಮನೆ ತುಂಬಾ ಜನ. ನೆಂಟರು, ಅಕ್ಕಪಕ್ಕದವರು, ಮಂಡಿಯ ಆಳುಗಳು, ಎಲ್ಲರೂ ಅಲ್ಲೇ.

ಬಸ್ ಸ್ಟ್ಯಾಂಡಿಗೆ ಓಡೋಣ, ಗೇಟುಗಳಲ್ಲಿ ನಾಕಾಬಂದಿ ಹಾಕಿಸೋಣ ಎಂದು ನನಗೆ ತವಕ. ಸಾಹೇಬರು ಆ ಏರ್ಪಾಡನ್ನು ದಫೇದಾರರಿಗೆ ಎರಡೇ ಮಾತಿನಲ್ಲಿ ಒಪ್ಪಿಸಿದರು. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಸೀದಾ ಅಡುಗೆಮನೆಗೆ ಹೋಗಿ ಹುಡುಗನ ಅಜ್ಜಿಯ ಎದುರು ಮಣೆ ಹಾಕಿಸಿಕೊಂಡು ಕೂತರು. "ಅಮ್ಮಾ, ಹುಡುಗ ಬೆಳಗ್ಗೆ ಏನು ತಿಂದ? ಯಾತಕ್ಕೆ ಹೆದರ್ತಾನೆ? ಯಾರು ಕರೆದರೆ ಹೋಗ್ತಾನೆ?" ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು: "ಅಜ್ಜಿ ಹೇಳಿದ್ದು ಹೇಳಿದ ಹಾಗೇ ಬರ್ಕೋ. ನಿನ್ನ ಭಾಷೆ ಸೇರಿಸಬೇಡ." ಹಾಗೇ ಬರೆದುಕೊಂಡೆ. ನಾಯಿ ಕಂಡರೆ ಅಳ್ತಾನೆ. ರಾತ್ರಿ ಹಾಲು ಕುಡೀದೆ ಮಲಗೋದೇ ಇಲ್ಲ. ಮನೇಲಿ ಗುಬ್ಬಿ ಅಂತೀವಿ, ಶಾಲೇಲಿ ಆ ಹೆಸರು ಯಾರಿಗೂ ಗೊತ್ತಿಲ್ಲ.

ಕಾಗದ ತೆಗೆದು ನೋಡಿದರೆ "ನಿಮ್ಮ ಗುಬ್ಬಿ ಚೆನ್ನಾಗಿದ್ದಾನೆ" ಎಂದು ಬರೆದಿತ್ತು. ಅಂದರೆ ಬರೆದವನು ಈ ಮನೆಯಲ್ಲಿ ಉಂಡವನು. ಕಾಗದ ಕೆಂಪು ಗೆರೆಯ ಕಿರ್ದಿ ಹಾಳೆ, ಹೊಲಿಗೆ ಕಿತ್ತ ಅಂಚು. ಮೊತ್ತ ಬರೆದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಅಂಕಿಯಲ್ಲಿ 50,000 ಬರೆದು, ಅದರ ಪಕ್ಕದಲ್ಲಿ ಗೆರೆ ಎಳೆದು, ಕೆಳಗೆ "ಅಕ್ಷರದಲ್ಲಿ ಐವತ್ತು ಸಾವಿರ ರೂಪಾಯಿ ಮಾತ್ರ" ಎಂದಿತ್ತು. ಒತ್ತೆಹಣ ಕೇಳುವ ಕಾಗದದಲ್ಲೂ "ಮಾತ್ರ" ಎಂದು ಬರೆಯುವವನು ದಿನವಿಡೀ ರಸೀದಿ ಬರೆಯುವವನಲ್ಲದೆ ಮತ್ತೆ ಯಾರು? ಮಂಡಿಯ ಗುಮಾಸ್ತ ಆ ಹೊತ್ತಿನಲ್ಲಿ ಹುಡುಗನ ಅಪ್ಪನ ಭುಜ ಹಿಡಿದುಕೊಂಡು ಸಮಾಧಾನ ಹೇಳುತ್ತಿದ್ದ.

ನನ್ನ ಮುಖ ಬದಲಾದದ್ದು ಸಾಹೇಬರಿಗೆ ಗೊತ್ತಾಗಿರಬೇಕು. ಕೈಗೆ ನೋಟ್‌ಬುಕ್ ಕೊಟ್ಟು ಹೊರಗೆ ಕರೆದುಕೊಂಡು ಹೋದರು. "ಅವನನ್ನ ನೋಡಬೇಡ. ಹುಡುಗ ನಮ್ಮ ಕೈಗೆ ಬರೋ ತನಕ ಅವನು ನಮಗೆ ಏನೂ ಅಲ್ಲ." ಹುಡುಗ ಎಲ್ಲಿದ್ದಾನೋ ಯಾರ ವಶದಲ್ಲಿದ್ದಾನೋ ತಿಳಿಯದೆ ಗುಮಾಸ್ತನ ಕೊರಳಪಟ್ಟಿ ಹಿಡಿದರೆ, ಆ ಸುದ್ದಿ ಹುಡುಗನನ್ನು ಕಾಯುತ್ತಿರುವವನಿಗೆ ನಮಗಿಂತ ಮೊದಲು ಮುಟ್ಟುತ್ತದೆ. ಹೆದರಿದವನು ಏನು ಬೇಕಾದರೂ ಮಾಡಬಹುದು.

ಬೆಳಗಿನ ಜಾವ ನನ್ನನ್ನು ಪಂಚೆಯಲ್ಲಿ ಹಾಲಿನ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿಯ ಜೊತೆ ಮಾತಿಗೆ ಕೂತಾಗ ತಾನಾಗಿ ಬಂದ ಸಂಗತಿ ಇದು: ಗುಮಾಸ್ತನ ಭಾವಮೈದುನ ತೋಟದ ಮನೆಯಲ್ಲಿ ಒಬ್ಬನೇ ಇರುವವನು, ಹಾಲು ಹಾಕದ ಕಾಫಿ ಕುಡಿಯುವವನು, ಹಿಂದಿನ ಸಂಜೆ ಅರ್ಧ ಲೀಟರ್ ಹಾಲು ಒಯ್ದಿದ್ದ. ಅಜ್ಜಿಯ ಮಾತನ್ನು ನಾನು "ಬಾಲಕನಿಗೆ ರಾತ್ರಿ ಕ್ಷೀರ ಸೇವನೆಯ ಅಭ್ಯಾಸ" ಎಂದು ಠಾಣೆಯ ಕನ್ನಡದಲ್ಲಿ ಬರೆದಿದ್ದರೂ ಅರ್ಥ ಅದೇ. ಆದರೆ ಅಜ್ಜಿಯ ದನಿಯಲ್ಲೇ ಬರೆದಿದ್ದರಿಂದ ಅದು ಕಿವಿಯಲ್ಲಿ ಉಳಿದಿತ್ತು, ಹಾಲು ಎಂದ ತಕ್ಷಣ ಎದ್ದು ಬಂತು.

ದಫೇದಾರರು ಚೇಣಿದಾರನ, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವನ, ವೇಷದಲ್ಲಿ ತೋಟಕ್ಕೆ ಹೋದರು. ಫಸಲು ನೋಡಲು ಬಂದ ಚೇಣಿದಾರನನ್ನು ಆ ಕಾಲದಲ್ಲಿ ಯಾರೂ ಅನುಮಾನಿಸುವುದಿಲ್ಲ. ಹುಡುಗ ಪಂಪ್‌ಹೌಸ್ ಪಕ್ಕದ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಅವನು ದಫೇದಾರರ ಹೆಗಲ ಮೇಲೆ ಬಂದ ಮೇಲಷ್ಟೇ ಸಾಹೇಬರು ಗುಮಾಸ್ತನ ಹತ್ತಿರ ಹೋಗಿ "ಬಾಪ್ಪ, ಠಾಣೆಗೆ ಹೋಗೋಣ" ಎಂದದ್ದು.

ಇಂದು ನಿಮಗೆ ಕರೆ ವಿವರ ಸಿಗುತ್ತದೆ, ಟವರ್ ಲೊಕೇಷನ್ ಸಿಗುತ್ತದೆ, ಬೀದಿಗೊಂದು ಕ್ಯಾಮೆರಾ ಇದೆ. ಇವುಗಳ ಬೆಲೆ ದೊಡ್ಡದು. ಕ್ಯಾಮೆರಾದ ದೃಶ್ಯ ಉಳಿಸುವ ಡಿವಿಆರ್ ಪೆಟ್ಟಿಗೆ ಕೆಲವು ದಿನಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡುಬಿಡುತ್ತದೆ, ಆದ್ದರಿಂದ ಅಂಗಡಿ ಅಂಗಡಿಗೆ ಹೋಗಿ ದೃಶ್ಯ ತೆಗೆದಿಡುವ ಕೆಲಸ ಮೊದಲ ದಿನದ್ದೇ. ಆದರೆ ಅಡುಗೆಮನೆಯ ಮಣೆ ಬಿಡಬೇಡಿ. ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 179ನೇ ಕಲಂ ಸಹ ಅದನ್ನೇ ಹೇಳುತ್ತದೆ: ಹೆಂಗಸರು, 15ರ ಕೆಳಗಿನ ಹುಡುಗರು, 60 ದಾಟಿದವರು ಸಾಕ್ಷಿ ಹೇಳಲು ಠಾಣೆಗೆ ಬರಬೇಕಿಲ್ಲ, ನೀವೇ ಅವರಿರುವಲ್ಲಿಗೆ ಹೋಗಬೇಕು. ಇದು ಬರೀ ಸೌಜನ್ಯ ಅಂದುಕೊಳ್ಳಬೇಡಿ. ಅಜ್ಜಿಯ ನೆನಪು ಅವರ ಒಲೆಯ ಮುಂದೆ ತೆರೆದುಕೊಳ್ಳುವಷ್ಟು ಠಾಣೆಯ ಬೆಂಚಿನ ಮೇಲೆ ತೆರೆದುಕೊಳ್ಳುವುದಿಲ್ಲ.

ಮತ್ತೆ, ಆ ಮನೆಗೆ ಬರುವ ಫೋನನ್ನು ಒಬ್ಬರೇ ಎತ್ತಬೇಕು. ಅವರ ಪಕ್ಕದಲ್ಲಿ ಕೂರುವ ಜಾಗ ನಿಮ್ಮದು. ಆ ಜಾಗವನ್ನು ಸಾಹೇಬರ ಹತ್ತಿರ ಕೇಳಿ ಪಡೆಯಿರಿ. ಕರೆ ಮಾಡಿದವನ ಮಾತು, ಮಾತಿನ ನಡುವಿನ ಬಿಡುವು, ಹಿಂದೆ ಕೇಳಿದ ರೈಲು, ಗಿರಣಿ, ಮಸೀದಿಯ ಆಜಾನ್, ದೇವಸ್ಥಾನದ ಗಂಟೆ, ಎಲ್ಲ ಹೊತ್ತಿನ ಸಮೇತ ಬರೆದುಕೊಳ್ಳಿ. ಪ್ರತಿ ಕರೆಯಲ್ಲೂ ಮನೆಯವರು ಮಗುವಿನ ದನಿ ಕೇಳಿಸುವಂತೆ ಕೇಳಲಿ. ಆ ಮನೆಯ ಯಾವ ಸುದ್ದಿಯೂ ನಿಮ್ಮ ಮೊಬೈಲಿನಿಂದ ಯಾವ ಗ್ರೂಪಿಗೂ ಹೋಗಬಾರದು.

ಪ್ರಶ್ನೆ: ಮಗು ಕಾಣೆಯಾದರೆ 24 ಗಂಟೆ ಕಾದು ಆಮೇಲೆ ದೂರು ಕೊಡಬೇಕು ಎನ್ನುತ್ತಾರೆ, ನಿಜವೇ?
(ಗೃಹಿಣಿ, ತಿಪಟೂರು)

ಸುಳ್ಳು. ಅಂಥ ನಿಯಮ ಕಾನೂನಿನಲ್ಲಿ ಎಲ್ಲೂ ಇಲ್ಲ. 2013ರ ಮೇ 10ರಂದು ಬಚ್‌ಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಎಫ್‌ಐಆರ್ ಆಗಲೇಬೇಕು, ಅಪಹರಣ ಅಥವಾ ಕಳ್ಳಸಾಗಣೆ ಆಗಿರಬಹುದು ಎಂದು ಮೊದಲಿಗೇ ಭಾವಿಸಿಕೊಂಡು ತನಿಖೆ ಶುರುವಾಗಬೇಕು. ನಿಮ್ಮೂರಿನ ಠಾಣೆಯೇ ಆಗಬೇಕು ಅಂತಲೂ ಇಲ್ಲ. ಹತ್ತಿರ ಯಾವ ಠಾಣೆ ಇದೆಯೋ ಅಲ್ಲಿ ಜೀರೋ ಎಫ್‌ಐಆರ್ ದಾಖಲಿಸಿಕೊಳ್ಳಬೇಕು, ಬಿಎನ್‌ಎಸ್‌ಎಸ್ 173 ಅದನ್ನೇ ಹೇಳುತ್ತದೆ.

ಮೊದಲು 112ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಠಾಣೆಗೆ ಹೋಗುವಾಗ ಇತ್ತೀಚಿನ ಫೋಟೊ ಒಯ್ಯಿರಿ. ಮದುವೆಯಲ್ಲಿ ಮೇಕಪ್ ಮಾಡಿ ತೆಗೆಸಿದ್ದು ಬೇಡ, ಮನೆಯಲ್ಲಿ ದಿನಾ ಹೇಗಿರುತ್ತದೋ ಹಾಗಿರುವುದು ಬೇಕು. ಕಾಲಿನ ಚಪ್ಪಲಿ ಯಾವುದು ಎಂಬುದನ್ನು ಬಹಳ ಜನ ಹೇಳಲು ಮರೆಯುತ್ತಾರೆ. ಅಂಗಿ ಬದಲಿಸಿದವರೂ ಚಪ್ಪಲಿ ಬದಲಿಸುವುದು ಅಪರೂಪ.

ಪ್ರಶ್ನೆ: ಪತ್ತೇದಾರಿ ಕಾದಂಬರಿ ಓದುತ್ತಲೇ ಬೆಳೆದವನು ನಾನು. ನುರಿತ ಪತ್ತೇದಾರ, ಅವನ ಹಿಂದೆ ಕಣ್ಣರಳಿಸಿಕೊಂಡು ನಡೆಯುವ ಯುವ ಶಿಷ್ಯ. ನಿಜವಾದ ಅಪಹರಣದ ತನಿಖೆಯಲ್ಲಿ ಇಂಥದ್ದು ಉಂಟೋ? ಲೋಕಪ್ರಸಿದ್ಧವಾದ ಒಂದು ಪ್ರಕರಣ ಹೇಳುವಿರಾ?
(ನಿವೃತ್ತ ಮೇಷ್ಟ್ರು, ಪುತ್ತೂರು)

ಇಬ್ಬರೇ ಇರುವುದಿಲ್ಲ ಮೇಷ್ಟ್ರೇ, ದೊಡ್ಡ ತಂಡವೇ ಇರುತ್ತದೆ. ಆದರೆ ಹಿರಿಯನೊಬ್ಬ ಹಳೆಯ ಕಡತ ಕೈಗೆತ್ತಿಕೊಂಡು, ಕಿರಿಯರನ್ನು ಜೊತೆಗೆ ಕರೆದುಕೊಂಡು, ಎಲ್ಲರೂ ಕೈಬಿಟ್ಟದ್ದನ್ನು ಬಿಡಿಸಿದ್ದು ಉಂಟು. ನಾನು ತರಬೇತಿಗೆ ಬಂದ ಹುಡುಗರಿಗೆಲ್ಲ ಹೇಳುತ್ತಿದ್ದದ್ದು ಟೋಕಿಯೊದ 1963ರ ಪ್ರಕರಣ.

ಆ ವರ್ಷ ಮಾರ್ಚ್ 31ರ ಸಂಜೆ ತೈತೊ ಎಂಬ ಪ್ರದೇಶದ ಪಾರ್ಕಿನಲ್ಲಿ ನೀರಿನ ಪಿಸ್ತೂಲು ಹಿಡಿದು ಆಡುತ್ತಿದ್ದ ನಾಲ್ಕು ವರ್ಷದ ಹುಡುಗ ಕಾಣೆಯಾದ. ಎರಡು ದಿನಕ್ಕೆ ಮನೆಗೆ ಫೋನು: ಐದು ಲಕ್ಷ ಯೆನ್ ಕೊಡಿ. ಏಪ್ರಿಲ್ 7ರ ನಸುಕಿನಲ್ಲಿ ತಾಯಿ ಹಣ ಒಯ್ದು ಹೇಳಿದ ಜಾಗದಲ್ಲಿಟ್ಟರು. ಪೊಲೀಸರು ಆ ಜಾಗಕ್ಕೆ ಮುಟ್ಟುವಷ್ಟರಲ್ಲಿ ಕೆಲವೇ ನಿಮಿಷ ತಡವಾಗಿತ್ತು. ಹಣವೂ ಇಲ್ಲ, ಮನುಷ್ಯನೂ ಇಲ್ಲ. ನೋಟುಗಳ ನಂಬರ್ ಸಹ ಬರೆದಿಟ್ಟಿರಲಿಲ್ಲ.

ಇದಕ್ಕೆ ಎದುರಾಗಿ ಅಮೆರಿಕದ್ದನ್ನು ಇಟ್ಟು ನೋಡಿ. 1932ರ ಮಾರ್ಚ್ 1ರ ರಾತ್ರಿ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಕೂಸನ್ನು ತೊಟ್ಟಿಲಿನಿಂದಲೇ ಒಯ್ದಿದ್ದರು. ಅಲ್ಲಿ ಕೊಟ್ಟ 50,000 ಡಾಲರಿನ ನಂಬರುಗಳು ದಾಖಲಾಗಿದ್ದವು. ಎರಡು ವರ್ಷ ಕಳೆದ ಮೇಲೆ ಪೆಟ್ರೋಲ್ ಬಂಕಿನ ಒಬ್ಬ ಕೆಲಸಗಾರ ತನಗೆ ಬಂದ ನೋಟಿನ ಅಂಚಿನಲ್ಲಿ ಕಾರಿನ ನಂಬರ್ ಗೀಚಿಟ್ಟ. ಆ ನೋಟು ಬ್ಯಾಂಕಿನಲ್ಲಿ ಸಿಕ್ಕಿ ಆರೋಪಿಯ ಮನೆ ಬಾಗಿಲಿಗೆ ಕರೆದೊಯ್ದಿತು.

ಟೋಕಿಯೊದಲ್ಲಿ ಉಳಿದದ್ದು ಟೇಪಿನಲ್ಲಿದ್ದ ದನಿ ಮಾತ್ರ. ಏಪ್ರಿಲ್ ಕೊನೆಯಲ್ಲಿ ಅದನ್ನು ರೇಡಿಯೊ, ಟಿವಿಯಲ್ಲಿ ದೇಶಕ್ಕೆಲ್ಲ ಕೇಳಿಸಿದರು. ಭಾಷಾಶಾಸ್ತ್ರಜ್ಞ ಕಿಂದಾಯಿಚಿ ಹಾರುಹಿಕೊ ಆ ದನಿ ಕೇಳಿ, ಇದು ರಾಜಧಾನಿಯ ಮಾತಲ್ಲ, ಅದರ ಉತ್ತರಕ್ಕಿರುವ ಸೀಮೆಯವರ ಉಚ್ಚಾರ ಎಂದು ಗುರುತಿಸಿದರು. ನಮಗೆ ಇದು ತಟ್ಟನೆ ಅರ್ಥವಾಗುತ್ತದೆ. ನಿಮ್ಮ ಪುತ್ತೂರಿನವರು ಬೆಂಗಳೂರಲ್ಲಿ ಎಷ್ಟು ವರ್ಷ ಇದ್ದರೂ ಫೋನಿನಲ್ಲಿ ನಾಲ್ಕು ಮಾತಾಡಿದರೆ ಊರು ಗೊತ್ತಾಗುತ್ತದೆ. ಒತ್ತೆಹಣ ಕೇಳುವವನು ದನಿ ದಪ್ಪ ಮಾಡಬಹುದು, ಬಾಯಿಗೆ ಬಟ್ಟೆ ಕಟ್ಟಬಹುದು, ನಾಲಿಗೆಗೆ ಹತ್ತಿದ ಸೀಮೆಯನ್ನು ಅಳಿಸಲಾರ.

ಅನುಮಾನಿತರಲ್ಲಿ ಒಬ್ಬ ಗಡಿಯಾರ ರಿಪೇರಿಯವನು. ಅದೇ ಉತ್ತರದ ಸೀಮೆಯ ಫುಕುಶಿಮಾ ಕಡೆಯವನು, ಕಾಲು ಕುಂಟು. ಅವನನ್ನು ಎರಡು ಸಲ ವಿಚಾರಿಸಿ ಬಿಟ್ಟಿದ್ದರು. ಏಕೆಂದರೆ ಆ ದಿನಗಳಲ್ಲಿ ತಾನು ಹುಟ್ಟೂರಿನಲ್ಲಿದ್ದೆ, ಏಪ್ರಿಲ್ 3ಕ್ಕೆ ಟೋಕಿಯೊಗೆ ವಾಪಸಾದೆ ಎಂದಿದ್ದ. ಅಲ್ಲಿ ಕಂಡೆವು ಎನ್ನುವವರೂ ಇದ್ದರು. ಕುಂಟುಗಾಲಿನವನು ಅಷ್ಟು ಬೇಗ ಹಣ ಎತ್ತಿಕೊಂಡು ಹೋಗಲಾರ ಎಂಬ ಲೆಕ್ಕಾಚಾರ ಬೇರೆ.

1965ರಲ್ಲಿ ಕಡತ ಹಿರಾತ್ಸುಕಾ ಹಾಚಿಬೇ ಎಂಬ ನುರಿತ ಪತ್ತೇದಾರರ ಕೈಗೆ ಬಂತು. ಅವರು ಹೊಸ ಸಾಕ್ಷಿ ಹುಡುಕಲು ಹೋಗಲಿಲ್ಲ, ಹಳೆಯ ಹೇಳಿಕೆಗಳನ್ನೇ ಹಿಡಿದು ಫುಕುಶಿಮಾಕ್ಕೆ ಹೋಗಿ ಒಂದೊಂದಾಗಿ ತಿಕ್ಕಿ ನೋಡಿದರು. ಮನೆಯವರಿಗೆ ಮುಖ ತೋರಿಸದೆ ಅವರ ಉಗ್ರಾಣಕ್ಕೆ ನುಗ್ಗಿ, ಅಲ್ಲಿದ್ದ ಒಣಗಿಸಿದ ಅಕ್ಕಿ ಕಡುಬು ತಿಂದೆ ಎಂದು ಆತ ಹೇಳಿದ್ದ. ಆ ವರ್ಷ ಆ ಮನೆಯವರು ಅದನ್ನು ಮಾಡಿರಲೇ ಇಲ್ಲ. ಇಂಥ ಸಂಗತಿ ಒಬ್ಬ ಅಧಿಕಾರಿಗೆ ಸಿಗಬೇಕಾದರೆ ಹಳ್ಳಿಯ ಅಡುಗೆಮನೆಯಲ್ಲಿ ಎಷ್ಟು ಹೊತ್ತು ಕೂತಿರಬೇಕು, ಯೋಚಿಸಿ.

ಕೊನೆಯ ಎಳೆ ಹರಟೆಯಂಥ ಮಾತಿನ ನಡುವೆ ಬಂತು. ರೈಲಿನಲ್ಲಿ ಹೋಗುತ್ತಾ ನಿಪ್ಪೊರಿಯ ದೊಡ್ಡ ಬೆಂಕಿ ನೋಡಿದೆ ಎಂದು ಆತ ಬಾಯಿಬಿಟ್ಟಿದ್ದ. ಟೋಕಿಯೊದ ನಿಪ್ಪೊರಿಯಲ್ಲಿ ಬೆಂಕಿ ಹೊತ್ತಿದ್ದು 1963ರ ಏಪ್ರಿಲ್ 2ರಂದು. ಮರುದಿನ ಊರಿನಿಂದ ಹೊರಟವನಿಗೆ ಹಿಂದಿನ ದಿನದ ಹೊಗೆ ಕಾಣುವುದು ಹೇಗೆ? ಹಿರಾತ್ಸುಕಾ ಅದನ್ನು ಎದುರಿಗಿಟ್ಟರು. ಜುಲೈ 4ರಂದು ಆತ ಒಪ್ಪಿಕೊಂಡ. ಹುಡುಗ ಮೊದಲ ರಾತ್ರಿಯೇ ತೀರಿಹೋಗಿದ್ದ. ಮನೆಗೆ ಮೊದಲ ಫೋನು ಬರುವಾಗ ಕಂದ ಇರಲೇ ಇಲ್ಲ. ಲಿಂಡ್‌ಬರ್ಗ್ ಮನೆಯ ಕೂಸೂ ಉಳಿಯಲಿಲ್ಲ. ಮಗುವಿನ ದನಿ ಕೇಳಿಸು ಎಂದು ಮೊದಲ ಕರೆಯಲ್ಲೇ ಕೇಳಬೇಕು ಎನ್ನುವುದು ಇಂಥ ಮನೆಗಳ ಸಂಕಟದಿಂದ ಬಂದ ಪಾಠ.

ಈ ಅಪಹರಣ ನಡೆದ ಮರುವರ್ಷವೇ, 1964ರಲ್ಲಿ, ಜಪಾನ್ ಒತ್ತೆಹಣದ ಅಪಹರಣಕ್ಕೆಂದೇ ದಂಡಸಂಹಿತೆಯಲ್ಲಿ ಹೊಸ ಕಲಂ ಸೇರಿಸಿತು. ನಮ್ಮ ಐಪಿಸಿಗೆ 364ಎ ಬಂದದ್ದು 1993ರಲ್ಲಿ. ನಾನು ಮೇಲೆ ಹೇಳಿದ ಅಡಿಕೆ ಮಂಡಿಯ ಕೇಸಿನ ಹೊತ್ತಿಗೆ ಅದು ಇರಲಿಲ್ಲ. ಈಗ ಐಪಿಸಿಯ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ನ 140(2): ಮರಣದಂಡನೆ ಅಥವಾ ಜೀವಾವಧಿ.

ಒಂದು ವ್ಯತ್ಯಾಸ ಹೇಳಲೇಬೇಕು. ನಮ್ಮಲ್ಲಿ ಪೊಲೀಸರ ಮುಂದೆ ಆದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆರೋಪಿ ತೋರಿಸಿಕೊಟ್ಟು ಸಿಕ್ಕ ವಸ್ತು ನಡೆಯುತ್ತದೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ನಡೆಯುತ್ತದೆ. ಈ ಕಟ್ಟುಪಾಡು ಇರಲೇಬೇಕು ಎನ್ನುವವನು ನಾನು. ಹೊಡೆದು ಬಡಿದು ಹೇಳಿಸಿದ ಮಾತಿಗಿಂತ, ಮಾಡದೇ ಇದ್ದ ಕಡುಬನ್ನು ತಿಂದೆ ಎಂದ ಸುಳ್ಳು ಗಟ್ಟಿ ಸಾಕ್ಷಿ.

ಪ್ರಶ್ನೆ: ಅಣ್ಣಾವ್ರನ್ನು 108 ದಿನ ಕಾಡಲ್ಲಿಟ್ಟುಕೊಂಡರೂ ಪೊಲೀಸರು ನುಗ್ಗಲಿಲ್ಲ ಎಂದು ನಮ್ಮಪ್ಪ ಈಗಲೂ ಸಿಟ್ಟಾಗುತ್ತಾರೆ. ನಾನು ಆಗ ಹುಟ್ಟಿರಲಿಲ್ಲ. ಯಾಕೆ ನುಗ್ಗಲಿಲ್ಲ ಸರ್?
(ಕಾಲೇಜು ವಿದ್ಯಾರ್ಥಿ, ಚಾಮರಾಜನಗರ)

ನಿಮ್ಮಪ್ಪನ ಸಿಟ್ಟು ಆಗ ಇಡೀ ನಾಡಿಗೆ ಇತ್ತು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಅಣ್ಣಾವ್ರನ್ನು, ಅಂದರೆ ಡಾ. ರಾಜ್‌ಕುಮಾರ್ ಅವರನ್ನು, ಕಾಡುಗಳ್ಳ ವೀರಪ್ಪನ್ ಕರೆದೊಯ್ದ ಸುದ್ದಿ ಬಂದಾಗಿನಿಂದ ಬೆಂಗಳೂರಿನಲ್ಲಿ ಅಂಗಡಿ ಬಾಗಿಲು ಮುಚ್ಚಿಸಿ ಬೀದಿಗಿಳಿದ ಜನರ ನಡುವೆ ನಾನು ಬಂದೋಬಸ್ತಿನಲ್ಲಿ ನಿಂತಿದ್ದೆ. ಅತ್ತವರನ್ನೂ ಕಂಡಿದ್ದೇನೆ, ನಮ್ಮ ಮುಖಕ್ಕೆ ಉಗಿದವರನ್ನೂ ಕಂಡಿದ್ದೇನೆ. ಆದರೂ ನುಗ್ಗದೇ ಇದ್ದದ್ದು ಸರಿ ಎಂದೇ ನನ್ನ ತೀರ್ಮಾನ.

ಕಾಡು ಅವನದು. ಕೋವಿ ಅವನ ಹತ್ತಿರ. ಒತ್ತೆಯಲ್ಲಿದ್ದವರು ಎಪ್ಪತ್ತು ದಾಟಿದ ಹಿರಿಯರು, ಜೊತೆಗೆ ಅಳಿಯ ಮತ್ತಿಬ್ಬರು. ಕರ್ನಾಟಕ, ತಮಿಳುನಾಡು ಎರಡೂ ಸರ್ಕಾರಗಳು ಸೇರಿ ನಕ್ಕೀರನ್ ಪತ್ರಿಕೆಯ ಸಂಪಾದಕ ಗೋಪಾಲ್ ಅವರನ್ನು ಸಂಧಾನಕ್ಕೆ ಕಳಿಸಿದವು, ಕ್ಯಾಸೆಟ್‌ಗಳು ಬಂದವು ಹೋದವು. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಒಳಗಿದ್ದ ಕೈದಿಗಳನ್ನು ಬಿಡಿಸುವ ಬೇಡಿಕೆಗೆ ಸರ್ಕಾರ ಒಪ್ಪಲು ಹೊರಟಾಗ ಸುಪ್ರೀಂ ಕೋರ್ಟ್ ತಡೆಯಿತು, ಅದೂ ಸರಿಯೇ. ನವೆಂಬರ್ 15ರಂದು ಅವರು ಜೀವಂತ ಬಂದರು.

ಅದೇ ಸೀಮೆಯಲ್ಲಿ ಎರಡು ವರ್ಷಕ್ಕೆ, 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ಒಯ್ದರು. ಡಿಸೆಂಬರ್ 8ರಂದು ಸಿಕ್ಕಿದ್ದು ಅವರ ದೇಹ. ನಿಮ್ಮ ಜಿಲ್ಲೆಯ ಹಿರಿಯರು ಅದನ್ನು ಮರೆತಿಲ್ಲ. ಈ ಎರಡನ್ನೂ ಕಂಡವರು ನುಗ್ಗಬೇಕಿತ್ತು ಎಂದು ಸುಲಭವಾಗಿ ಹೇಳಲಾರರು.

ನನಗೆ ನೋವಿರುವುದು ಬೇರೆ ಕಡೆ. 2018ರಲ್ಲಿ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯ ಅಣ್ಣಾವ್ರ ಅಪಹರಣದ ಕೇಸಿನಲ್ಲಿ ವಿಚಾರಣೆ ಎದುರಿಸಿದ ಒಂಬತ್ತೂ ಜನರನ್ನು ಬಿಡುಗಡೆ ಮಾಡಿತು. 18 ವರ್ಷದ ಹೊತ್ತಿಗೆ ಅಣ್ಣಾವ್ರೂ ಇಲ್ಲ, ವೀರಪ್ಪನ್‌ನೂ ಇಲ್ಲ. ಜೀವ ಉಳಿಸಿಕೊಂಡ ಮೇಲೆ ಸಾಕ್ಷಿ ಉಳಿಸಿಕೊಳ್ಳುವ ಕೆಲಸ ಅಷ್ಟೇ ಶ್ರದ್ಧೆಯಿಂದ, ಅಷ್ಟೇ ಬೇಗ ನಡೆಯಬೇಕು. ಅಪ್ಪನಿಗೆ ಸಿಟ್ಟಾಗಲು ಇದು ತಕ್ಕ ಕಾರಣ.

ಪ್ರಶ್ನೆ: ಮಗಳು ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಹೋದ ತಿಂಗಳು ಒಬ್ಬ ಫೋನ್ ಮಾಡಿ "ನಿಮ್ಮ ಮಗಳು ನಮ್ಮ ಹತ್ರ ಇದ್ದಾಳೆ, ಫೋನ್ ಕಟ್ ಮಾಡಿದರೆ ನೋಡಿ" ಎಂದ. ಹಿಂದೆ ಹುಡುಗಿ ಅಳುವುದು ಕೇಳಿಸಿತು, ಅವಳದೇ ದನಿ. ನಲವತ್ತು ಸಾವಿರ ಕಳಿಸಿಬಿಟ್ಟೆ. ಮಗಳು ಕ್ಲಾಸಿನಲ್ಲಿದ್ದಳು! ಯಾರಿಗೂ ಹೇಳಿಲ್ಲ, ನಾಚಿಕೆ.
(ಒಬ್ಬ ತಾಯಿ, ಹಾಸನ)

ನಾಚಿಕೆ ಪಡಬೇಕಾದವರು ನೀವಲ್ಲ ತಾಯೀ. ಮಗಳ ಅಳು ಕೇಳಿಸಿದ ಮೇಲೆ ಯಾವ ತಾಯಿಗೆ ಲೆಕ್ಕ ಹಾಕುವ ಬುದ್ಧಿ ಉಳಿದೀತು? ಅವರಿಗೆ ಅದು ಗೊತ್ತು, ಅದಕ್ಕೇ ಹಾಗೆ ಮಾಡುತ್ತಾರೆ. ಈಗ ಒಬ್ಬರ ಸಣ್ಣ ವಿಡಿಯೊ ತುಣುಕು ಸಿಕ್ಕರೂ ಅವರದೇ ದನಿ ಹೋಲುವಂತೆ ಕಂಪ್ಯೂಟರಿನಲ್ಲಿ ತಯಾರಿಸಬಹುದು. ಅಷ್ಟೂ ಬೇಕಿಲ್ಲ, ಯಾವ ಹುಡುಗಿ ಬಿಕ್ಕಿ ಬಿಕ್ಕಿ ಅತ್ತರೂ ಹೆತ್ತವರಿಗೆ ತಮ್ಮ ಮಗಳದೇ ದನಿಯಾಗಿ ಕೇಳುತ್ತದೆ.

"ಫೋನ್ ಕಟ್ ಮಾಡಬೇಡಿ" ಎಂಬ ಬೆದರಿಕೆಯಲ್ಲೇ ಅವರ ಗುಟ್ಟಿದೆ. ಕಟ್ ಮಾಡಿದರೆ ನೀವು ಮಗಳಿಗೆ ಕರೆ ಮಾಡಿಬಿಡುತ್ತೀರಿ. ಹಾಗಾಗಿ ಆ ಫೋನು ಹಿಡಿದುಕೊಂಡೇ ಸನ್ನೆ ಮಾಡಿ ಮನೆಯವರಿಂದಲೋ ಪಕ್ಕದ ಮನೆಯವರಿಂದಲೋ ಇನ್ನೊಂದು ಫೋನಿನಲ್ಲಿ ಮಗಳಿಗೆ, ಅವಳ ಗೆಳತಿಗೆ, ಹಾಸ್ಟೆಲ್ ವಾರ್ಡನ್‌ಗೆ ಮಾಡಿಸಿ. ಅಷ್ಟರಲ್ಲಿ ನೀವು ಅವನನ್ನು ಕೇಳಿ: "ಅವಳನ್ನ ಮನೇಲಿ ಏನಂತ ಕರೀತೀವಿ, ಅವಳ ಬಾಯಲ್ಲೇ ಹೇಳಿಸಪ್ಪ." ನಿಜವಾದ ಅಪಹರಣಕಾರ ಹೇಳಿಸುತ್ತಾನೆ, ಇಂಥ ಮೋಸಗಾರ ಬೈಯುತ್ತಾನೆ.

ತಡವಾದರೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಹಣ ಹೋದ ಖಾತೆಯಲ್ಲಿ ಉಳಿದಿದ್ದರೆ ಅಲ್ಲೇ ತಡೆಯುವ ವ್ಯವಸ್ಥೆ ಅದು, ಮೊದಲ ಗಂಟೆಗಳಲ್ಲಿ ಕೊಟ್ಟರೆ ಹೆಚ್ಚು ಫಲ. ನಿಮ್ಮ ಹಣ ಬಾರದಿದ್ದರೂ ಆ ನಂಬರು, ಆ ಖಾತೆ ದಾಖಲಾಗುತ್ತದೆ. ಇವತ್ತು ಸಂಜೆಯೇ ಮಗಳಿಗೂ ಹೇಳಿ. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುರುತಿನ ಮಾತು ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ತಂಗಿಯ ಮಗಳಿಗೆ 17. ಪರಿಚಯದ ಹುಡುಗನೊಂದಿಗೆ ಹೋಗಿದ್ದಾಳೆ, ಚೀಟಿ ಬರೆದಿಟ್ಟಿದ್ದಾಳೆ. ಅಪಹರಣದ ದೂರು ಕೊಡಬೇಕೋ, ಮಾನ ಹೋಗುತ್ತದೆಂದು ಸುಮ್ಮನಿರಬೇಕೋ?
(ಹೆಸರು, ಊರು ಬೇಡ ಎಂದಿದ್ದಾರೆ)

ದೂರು ಕೊಡಿ, ಇವತ್ತೇ ಕೊಡಿ. 18 ತುಂಬದವರನ್ನು ಪೋಷಕರ ವಶದಿಂದ ಕರೆದೊಯ್ದರೆ ಬಿಎನ್‌ಎಸ್ 137ರ ಪ್ರಕಾರ ಅಪಹರಣ, ಅವಳ ಒಪ್ಪಿಗೆ ಇತ್ತೆಂದು ಅಪರಾಧ ಇಲ್ಲವಾಗುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ ಪೋಕ್ಸೊ ಸಹ ಸೇರಬಹುದು. ಹುಡುಗ ಕರೆದೊಯ್ದನೋ, ಅವಳೇ ಹೊರಟು ಬಂದಾಗ ಜೊತೆಗೆ ಹೋದನೋ ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ವರದರಾಜನ್ ಪ್ರಕರಣದಲ್ಲಿ ಬಹಳ ಹಿಂದೆಯೇ ಗುರುತಿಸಿದೆ, ಆದರೆ ಅದನ್ನು ತೂಗುವುದು ಕೋರ್ಟಿನ ಕೆಲಸ. ನೀವು ದೂರಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ, ಚೀಟಿಯನ್ನೂ ಕೊಡಿ. ಚೀಟಿ ಬಚ್ಚಿಟ್ಟು, ಬಲವಂತವಾಗಿ ಕಾರಿನಲ್ಲಿ ಎಳೆದೊಯ್ದರು ಎಂದು ಸೇರಿಸುವವರನ್ನು ಬಹಳ ಕಂಡಿದ್ದೇನೆ. ಪೊಲೀಸರು ಇಲ್ಲದ ಕಾರನ್ನು ಹುಡುಕುತ್ತಾ ಕೂರುತ್ತಾರೆ, ಹುಡುಗಿ ದೂರ ದೂರ ಹೋಗುತ್ತಾಳೆ.

ಸಿಕ್ಕ ಮೇಲೆ ಅವಳನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಆಗುತ್ತದೆ. ಅವಳು ಏನು ಹೇಳಬೇಕೆಂದು ಮನೆಯವರು ಹೇಳಿಕೊಡಬಾರದು, ಹೆದರಿಸಬಾರದು. ಅವಳ ಅಪ್ಪ, ಚಿಕ್ಕಪ್ಪಂದಿರು ಕುದಿಯುತ್ತಿದ್ದರೆ ಅವರನ್ನು ಮೊದಲ ದಿನ ಕರೆದುಕೊಂಡು ಹೋಗಬೇಡಿ. ನೀವು ದೊಡ್ಡಮ್ಮ, ನೀವೇ ಹೋಗಿ. ಒಂದು ಜೊತೆ ಒಗೆದ ಬಟ್ಟೆ, ಬಾಚಣಿಗೆ, ತಿನ್ನಲು ಏನಾದರೂ ಒಯ್ಯಿರಿ. ಹೊಟ್ಟೆಗೆ ಸರಿಯಾಗಿ ಬಿದ್ದಿರುವುದಿಲ್ಲ, ಅದನ್ನು ಅವಳು ಬಾಯಿಬಿಟ್ಟು ಹೇಳುವುದೂ ಇಲ್ಲ. ಯಾಕೆ ಹೋದೆ ಎಂದು ಅವತ್ತು ಕೇಳಬೇಡಿ. ಏನಾದರೂ ನೋವಾಗಿದೆಯಾ, ಡಾಕ್ಟರ ಹತ್ತಿರ ಹೋಗೋಣವಾ ಎಂದಷ್ಟೇ ಕೇಳಿ.